ಕೂಡಲೊಲ್ಲದ ಮಣಿಕಟ್ಟಿನ ಮೂಳೆ

ಬೀಳುವವನು ಕೈಯೂರುವುದು ಸಹಜ. ಕಾಲು ಜಾರಿದ ಕ್ಷಣದಲ್ಲಿ ಯಾರೂ ಯೋಚಿಸಿ ಕೈಚಾಚುವುದಿಲ್ಲ. ತಲೆಯನ್ನೂ ಮುಖವನ್ನೂ ಉಳಿಸಿಕೊಳ್ಳುವುದಕ್ಕಾಗಿ ಶರೀರವು ತಾನಾಗಿಯೇ ಅಂಗೈಯನ್ನು ಮುಂದೊಡ್ಡುತ್ತದೆ. ಆಗ ಮೈಯ ಭಾರವೆಲ್ಲ, ಬಿದ್ದ ವೇಗದೊಡನೆ ಕೂಡಿ, ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಎರಗುವುದು. ವಯಸ್ಸಾದವರಲ್ಲಿ ಹೀಗಾದಾಗ ಬಹುಮಟ್ಟಿಗೆ ಮುಂಗೈಯ ದೊಡ್ಡ ಮೂಳೆಯ ತುದಿ ಮುರಿಯುತ್ತದೆ. ಕೈ ಊದಿ ಸೊಟ್ಟಗಾಗುವುದರಿಂದ ಮುರಿದಿದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಆದರೆ ಹದಿನೈದರಿಂದ ಮೂವತ್ತರವರೆಗಿನ ವಯಸ್ಸಿನವರಲ್ಲಿ, ಎಂದರೆ ಈ ಪುಟವನ್ನು ಓದುತ್ತಿರುವ ಬಹು ಮಂದಿಯ ವಯಸ್ಸಿನವರಲ್ಲಿ, ಮುಂಗೈಯ ಮೂಳೆ ಗಟ್ಟಿಯಾಗಿರುತ್ತದೆ. ಅವರಲ್ಲಿ ಪೆಟ್ಟು ಅದನ್ನು ದಾಟಿ ಒಳಗಿನ ಒಂದು ಸಣ್ಣ ಮೂಳೆಯನ್ನು ಮುರಿಯುವುದುಂಟು. ಕೈ ಸೊಟ್ಟಗಾಗುವುದಿಲ್ಲ, ಊತವೂ ಹೆಚ್ಚಿಲ್ಲ. ನಾಲ್ಕಾರು ದಿನಗಳಲ್ಲಿ ನೋವು ತಗ್ಗುತ್ತದೆ. ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡು ಹುಡುಗನು ಮತ್ತೆ ಆಟದ ಬಯಲಿಗೆ ಹೋಗುತ್ತಾನೆ.

ಆ ಸಣ್ಣ ಮೂಳೆಯೇ ಈ ಲೇಖನದ ವಿಷಯ.

ಮಣಿಕಟ್ಟಿನಲ್ಲಿ ಎಂಟು ಮೂಳೆಗಳು ಎರಡು ಸಾಲಾಗಿ ಜೋಡಣೆಗೊಂಡಿವೆ. ಹೆಬ್ಬೆರಳಿನ ಕಡೆಯಿರುವ ಒಂದು ಮೂಳೆಯು ಮಾತ್ರ ಎರಡು ಸಾಲುಗಳಿಗೂ ಸೇತುವೆಯಂತೆ ಅಡ್ಡಲಾಗಿ ನಿಂತಿದೆ. ಶಾಸ್ತ್ರಜ್ಞರು ಇದನ್ನು ಸ್ಕ್ಯಾಫಾಯಿಡ್ ಎನ್ನುವರು. ದೋಣಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು; ನಾವು ದೋಣಿಮೂಳೆ ಎನ್ನೋಣ. ನಿಜವನ್ನು ಹೇಳಬೇಕಾದರೆ ಅದು ದೋಣಿಗಿಂತ ಗೋಡಂಬಿಯನ್ನೇ ಹೆಚ್ಚು ಹೋಲುತ್ತದೆ: ಸುಮಾರು ಎರಡೂವರೆ ಸೆಂಟಿಮೀಟರು ಉದ್ದ, ನಡುವಿನಲ್ಲಿ ಕೊಂಚ ಬಾಗು, ಬಾಗಿದೆಡೆಯಲ್ಲಿ ಸಣ್ಣ ಸೊಂಟ. ಎರಡು ಸಾಲುಗಳ ಚಲನೆಯನ್ನು ಹೊಂದಿಸುವ ಕೆಲಸ ಇದರದಾದುದರಿಂದ ಎರಡು ಕಡೆಯ ಒತ್ತಡವೂ ಇದರ ಸೊಂಟದ ಮೇಲೆಯೇ ಬೀಳುತ್ತದೆ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಆಗುವ ಮುರಿತಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಪಾಲು ಇದೊಂದಕ್ಕೇ ಸಲ್ಲುವುದು.

ಮುರಿದ ಮೂಳೆ ಕೂಡುವುದು ಪ್ರಕೃತಿಯ ನಿಯಮ. ತೊಡೆಯ ಮೂಳೆ ಕೂಡುತ್ತದೆ, ಪಕ್ಕೆಲುಬು ಕಟ್ಟು ಹಾಕದಿದ್ದರೂ ಕೂಡುತ್ತದೆ. ಹೀಗಿರುವಾಗ ಗೋಡಂಬಿಯಷ್ಟು ಗಾತ್ರದ ಈ ಮೂಳೆಗೇಕೆ ಹಟ? ಕಾರಣಗಳಲ್ಲಿ ಮುಖ್ಯವಾದುದು ರಕ್ತದ ಹಾದಿ. ಕಾಲುವೆಯ ನೀರು ಮೇಲಿನ ಗದ್ದೆಯನ್ನು ತೋಯಿಸಿ ಕೆಳಗಿನ ಗದ್ದೆಗೆ ಇಳಿಯುವುದನ್ನು ನಾವು ನೋಡಿದ್ದೇವೆ. ದೋಣಿಮೂಳೆಯಲ್ಲಿ ಏರ್ಪಾಡು ತಲೆಕೆಳಗಾಗಿದೆ. ಮುಂಗೈಯಿಂದ ಇಳಿದು ಬರುವ ಧಮನಿಯ ಕವಲುಗಳು ಮೂಳೆಯ ಮೇಲ್ತುದಿಯನ್ನು, ಎಂದರೆ ಮೊಳಕೈಯ ಕಡೆಯ ತುದಿಯನ್ನು, ಹೊಗದೆ ಮುಂದೆ ಸಾಗಿ, ಸೊಂಟದ ಬಳಿಯಲ್ಲಿಯೂ ಬೆರಳಿನ ಕಡೆಯ ತುದಿಯಲ್ಲಿಯೂ ಒಳಹೊಗುತ್ತವೆ. ಅಲ್ಲಿಂದ ಹಿಂದಿರುಗಿ ಮೇಲ್ತುದಿಗೆ ರಕ್ತವನ್ನು ಒಯ್ಯುತ್ತವೆ. ಅಮೆರಿಕದ ಗೆಲ್ಬರ್‌ಮನ್ ಮತ್ತು ಮೆನನ್ ಎಂಬವರು ೧೯೮೦ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂಳೆಯೊಳಗಿನ ರಕ್ತದಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಪಾಲು ಬೆನ್ನಿನ ಕಡೆಯಿಂದ ಹೊಗುವ ಈ ಕವಲುಗಳಿಂದಲೇ ಬರುವುದು. ಈಗ ಸೊಂಟದಲ್ಲಿ ಬಿರುಕು ಬಿಟ್ಟಿತೆನ್ನಿ. ಮೇಲ್ತುದಿಗೆ ಹೋಗುತ್ತಿದ್ದ ಹಾದಿಯೇ ಕಡಿಯಿತು. ಆ ತುಂಡು ಬಾಡತೊಡಗುವುದು. ಮುರಿತವು ಮೇಲ್ತುದಿಗೆ ಸಮೀಪವಾದಷ್ಟೂ ಅಪಾಯ ಹೆಚ್ಚು.

ಇನ್ನೊಂದು ತೊಡಕೂ ಇದೆ. ಉದ್ದಮೂಳೆಗಳ ಮೇಲೆ ಒಂದು ಜೀವಂತ ಪೊರೆಯಿರುತ್ತದೆ. ಮುರಿದಾಗ ಆ ಪೊರೆಯು ಬಿರುಕಿನ ಸುತ್ತ ಹೊಸ ಮೂಳೆಯ ಬೆಸುಗೆಯನ್ನು ಕಟ್ಟುವುದು. ದೋಣಿಮೂಳೆಯಾದರೋ ನಾಲ್ಕೂ ಕಡೆ ಇತರ ಮೂಳೆಗಳೊಡನೆ ಉಜ್ಜಾಡಬೇಕಾದುದರಿಂದ ಅದರ ಮೈಯ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿಹೋಗಿದೆ. ಹೊರಗಿನ ಬೆಸುಗೆಗೆ ಅವಕಾಶವಿಲ್ಲ; ಒಳಗಿನಿಂದಲೇ ಕೂಡಬೇಕು. ಅದೂ ಕೀಲಿನ ದ್ರವದಲ್ಲಿ ಮುಳುಗಿಕೊಂಡು, ಸದಾ ಅಲುಗಾಡುವ ನೆರೆಹೊರೆಯ ನಡುವೆ! ಇಷ್ಟೆಲ್ಲ ಇದ್ದರೂ, ತುಂಡುಗಳು ಸರಿದಾಡದೆ ಸೊಂಟದಲ್ಲಿ ಮಾತ್ರ ಮುರಿದ ಮೂಳೆಯು ಸಕಾಲದಲ್ಲಿ ಪ್ಲಾಸ್ಟರು ಹಾಕಿದರೆ ಹತ್ತರಲ್ಲಿ ಒಂಬತ್ತು ಬಾರಿ ಕೂಡುತ್ತದೆಂಬುದನ್ನು ಮರೆಯಬಾರದು. ಬೇಕಾದುದು ಎರಡು ಮೂರು ತಿಂಗಳ ನಿಶ್ಚಲತೆ.

ಸಿಕ್ಕು ಇರುವುದು ‘ಸಕಾಲದಲ್ಲಿ’ ಎಂಬ ಮಾತಿನಲ್ಲಿ. ಹೊಸ ಬಿರುಕು ಕೂದಲೆಳೆಗಿಂತ ಸಣ್ಣದು. ಮೂಳೆಯು ಓರೆಯಾಗಿ ಕುಳಿತಿರುವುದರಿಂದ ಮೊದಲ ದಿನದ ಕ್ಷ-ಕಿರಣ ಚಿತ್ರದಲ್ಲಿ ಅದು ಕಾಣದೆ ಹೋಗುವುದು ಅಪರೂಪವಲ್ಲ. ಹತ್ತು ಹದಿನಾಲ್ಕು ದಿನಗಳಾದ ಮೇಲೆ ಬಿರುಕಿನ ಅಂಚಿನ ಮೂಳೆ ಕೊಂಚ ಕರಗುವುದರಿಂದ ಗೆರೆ ಅಗಲವಾಗಿ ಕಣ್ಣಿಗೆ ಬೀಳಬಹುದು. ಅಲ್ಲಿಯವರೆಗೆ ವೈದ್ಯನಿಗೆ ದಾರಿ ತೋರಿಸಬೇಕಾದುದು ಬೆರಳು. ಹೆಬ್ಬೆರಳನ್ನು ಹಿಂದಕ್ಕೆ ಸೆಟೆದು ನಿಲ್ಲಿಸಿ ನೋಡಿರಿ. ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಕಾಣುವುದು. ಹಿಂದೆ ನಶ್ಯ ಸೇದುವವರು ಚಿಟಿಕೆ ಪುಡಿಯನ್ನು ಅಲ್ಲಿಟ್ಟು ಮೂಗಿಗೇರಿಸುತ್ತಿದ್ದುದರಿಂದ ಅದಕ್ಕೆ ನಶ್ಯದ ಗುಳಿಯೆಂದೇ ಹೆಸರು. ಗುಳಿಯ ತಳದಲ್ಲಿ ದೋಣಿಮೂಳೆಯಿದೆ. ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಾಗುವುದಾದರೆ, ಚಿತ್ರವು ಏನೇ ಹೇಳಲಿ, ಮೂಳೆ ಮುರಿದಿರಬಹುದೆಂದೇ ಭಾವಿಸಿ ಕೈಯನ್ನು ಕಟ್ಟಿ, ಎರಡು ವಾರಗಳ ಬಳಿಕ ಮತ್ತೆ ಚಿತ್ರ ತೆಗೆಯಬೇಕೆಂಬುದು ಹಳೆಯ ಕಟ್ಟಳೆ.

ಈ ಕಟ್ಟಳೆಗೆ ಆಕ್ಷೇಪಣೆಯಿಲ್ಲದೆ ಇಲ್ಲ. ಹೀಗೆ ಸಂಶಯದ ಮೇಲೆ ಕಟ್ಟು ಹಾಕಿಸಿಕೊಂಡವರಲ್ಲಿ ನಿಜವಾಗಿ ಮುರಿದಿರುವುದು ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ. ಉಳಿದ ಐವರು ಎರಡು ವಾರ ವೃಥಾ ತೊಂದರೆಪಡುವರು. ಪರೀಕ್ಷೆಯ ಕಾಲದಲ್ಲಿ ಬಲಗೈಯನ್ನು ಕಟ್ಟಿಸಿಕೊಂಡ ವಿದ್ಯಾರ್ಥಿಗೆ ಇದು ಸಣ್ಣ ಮಾತಲ್ಲ. ಕೂಲಿ ಮಾಡಿ ಉಣ್ಣುವವನಿಗಂತೂ ಅಲ್ಲವೇ ಅಲ್ಲ. ಕಾಂತ-ಅನುರಣನ ಚಿತ್ರಣವಾದ ಎಂ.ಆರ್.ಐ. ಈ ಸಂಶಯವನ್ನು ಮೊದಲ ಕೆಲವು ದಿನಗಳಲ್ಲಿಯೇ ಪರಿಹರಿಸಬಲ್ಲದು, ಅದು ದೊರೆಯುವಲ್ಲಿ ಮಾಡಿಸುವುದೇ ಲೇಸು. ಆದರೆ ಅದು ಎಲ್ಲೆಡೆಯೂ ಇಲ್ಲ, ಎಲ್ಲರ ಕೈಗೆಟುಕುವ ವೆಚ್ಚದಲ್ಲಿಯೂ ಇಲ್ಲ. ಅಂಥಲ್ಲಿ ಐವರ ಎರಡು ವಾರಗಳನ್ನೂ ಆರನೆಯವನ ಮೂವತ್ತು ವರ್ಷಗಳನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ, ಹಳೆಯ ಕಟ್ಟಳೆಯ ಕಡೆಯೇ ತೂಕ ಹೆಚ್ಚೆಂದು ನನ್ನ ಅಭಿಪ್ರಾಯ.

ಮೂವತ್ತು ವರ್ಷವೆಂದುದು ಅಲಂಕಾರಕ್ಕಾಗಿ ಅಲ್ಲ. ದೋಣಿಮೂಳೆ ಕೂಡದೆ ಉಳಿದರೆ ಮುಂದೇನಾಗುವುದೆಂಬುದನ್ನು ಅಮೆರಿಕದಲ್ಲಿ ಮ್ಯಾಕ್ ಮತ್ತು ಅವರ ಸಂಗಡಿಗರು ೪೬ ರೋಗಿಗಳ ೪೭ ಮಣಿಕಟ್ಟುಗಳಲ್ಲಿ ಪರಿಶೀಲಿಸಿ ೧೯೮೪ರಲ್ಲಿ ಪ್ರಕಟಿಸಿದರು. ಬದಲಾವಣೆಯು ದೋಣಿಮೂಳೆಯಲ್ಲಿ ಮಾತ್ರ ಕಂಡವರಿಗೆ ಪೆಟ್ಟು ಬಿದ್ದು ಸರಾಸರಿ ೮ ವರ್ಷಗಳಾಗಿದ್ದವು. ಮುಂಗೈ ಮೂಳೆಯೊಡನೆ ಕೂಡುವ ಕೀಲು ಸವೆದಿದ್ದವರಿಗೆ ೧೭. ಇಡೀ ಮಣಿಕಟ್ಟು ಸವೆದಿದ್ದವರಿಗೆ ೩೧ ದಾಟಿತ್ತು. ಕ್ರಮವು ಸ್ಪಷ್ಟವಾಗಿದೆ. ತುಂಡುಗಳೆರಡೂ ಬೇರೆ ಬೇರೆಯಾಗಿ ಅಲುಗುತ್ತವೆ, ಸೊಂಟವು ಗೂನು ಬೆನ್ನಿನಂತೆ ಬಾಗುತ್ತದೆ, ಸಾಲುಗಳ ಹೊಂದಾಣಿಕೆ ಕೆಡುತ್ತದೆ, ನುಣುಪು ಮೈ ಸವೆಯುತ್ತದೆ. ಇಪ್ಪತ್ತರಲ್ಲಿ ಬಿದ್ದವನು ಐವತ್ತರಲ್ಲಿ ನೀರು ತುಂಬಿದ ಬಿಂದಿಗೆಯನ್ನೆತ್ತಲು ತಿಣುಕುತ್ತಾನೆ. ಎಂದೋ ಬಿದ್ದುದು ಅವನಿಗೆ ನೆನಪಿರುವುದೂ ಇಲ್ಲ.

ವಿಚಾರವಂತರು ಇಲ್ಲೊಂದು ಪ್ರಶ್ನೆ ಎತ್ತುವರು, ಎತ್ತಲೂಬೇಕು. ಆಸ್ಪತ್ರೆಗೆ ಬಂದವರೆಲ್ಲ ನೋವಿದ್ದವರು. ಮೂಳೆ ಕೂಡದಿದ್ದರೂ ನೋವಿಲ್ಲದೆ ಬಾಳಿ ಹೋದವರು ಲೆಕ್ಕಕ್ಕೆ ಸಿಕ್ಕುವುದೆಂತು? ಆದುದರಿಂದ ಕೂಡದ ಪ್ರತಿಯೊಂದು ಮೂಳೆಯೂ ಮಣಿಕಟ್ಟನ್ನು ಹಾಳುಮಾಡಿಯೇ ತೀರುವುದೆಂದು ಈ ಅಂಕಿಗಳಿಂದ ಸಾಧಿಸಿದಂತಾಗುವುದಿಲ್ಲ. ಮಾತು ಸರಿಯೇ. ಆದರೂ ಇಪ್ಪತ್ತರ ತರುಣನಿಗೆ ‘ನೋವಿಲ್ಲವಲ್ಲ, ಬಿಟ್ಟುಬಿಡು’ ಎಂದು ಹೇಳಿ ಕಳುಹಿಸುವುದನ್ನು ನಾನು ಒಪ್ಪಲಾರೆ. ನೋವಿಲ್ಲದ ಆ ವರ್ಷಗಳೇ ಶಸ್ತ್ರಚಿಕಿತ್ಸೆ ಫಲಿಸುವ ವರ್ಷಗಳು. ನೋವು ಬರುವ ಹೊತ್ತಿಗೆ ಕೀಲು ಸವೆದಿರುತ್ತದೆ. ಆಮೇಲೆ ಮೂಳೆಯನ್ನು ಕೂಡಿಸಿಯೂ ಹೆಚ್ಚಿನ ಪ್ರಯೋಜನವಿಲ್ಲ.

ಆ ಶಸ್ತ್ರಚಿಕಿತ್ಸೆ ಯಾವುದು? ಮೂಳೆಯ ಕಸಿ. ಕಸಿಯೆಂದೊಡನೆ ನಮಗೆ ಮಾವಿನ ಗಿಡ ನೆನಪಾಗುವುದು: ಒಂದು ಮರದ ಕುಡಿಯನ್ನು ಇನ್ನೊಂದರ ಬುಡಕ್ಕೆ ಕಟ್ಟಿದರೆ ಕುಡಿ ಚಿಗುರಿ ಬೆಳೆಯುತ್ತದೆ. ಮೂಳೆಯ ಕಸಿ ಹಾಗಲ್ಲ. ರೋಗಿಯದೇ ಸೊಂಟದ ಎಲುಬಿನ ಅಂಚಿನಿಂದಲೋ ಮುಂಗೈಯ ಮೂಳೆಯಿಂದಲೋ ತೆಗೆದ ಚೂರಿನಲ್ಲಿರುವ ಜೀವಕಣಗಳಲ್ಲಿ ಬಹುಪಾಲು ರಕ್ತವಿಲ್ಲದೆ ಸಾಯುತ್ತವೆ. ಮೇಲ್ಮೈಯಲ್ಲಿರುವ ಕೆಲವು ಮಾತ್ರ ಬದುಕುಳಿಯುವುವು. ಹಾಗಿದ್ದರೆ ಆ ಚೂರಿನಿಂದ ಲಾಭವೇನು? ಬಳ್ಳಿಗೆ ಹಂದರವಿದ್ದಂತೆ ಅದು. ಸುತ್ತಲಿನ ಜೀವಂತ ಮೂಳೆಯಿಂದ ಸೂಕ್ಷ್ಮ ರಕ್ತನಾಳಗಳು ಅದರೊಳಕ್ಕೆ ಹಬ್ಬುತ್ತವೆ. ಅವುಗಳ ಬೆನ್ನಲ್ಲಿ ಹಳೆಯ ಮೂಳೆಯನ್ನು ಕರಗಿಸುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಬರುತ್ತವೆ. ತಿಂಗಳುಗಟ್ಟಲೆ ನಡೆಯುವ ಈ ಕೆಲಸದ ಕೊನೆಗೆ ಹಂದರವೇ ಕರಗಿ ಅದರ ಜಾಗದಲ್ಲಿ ಬಳ್ಳಿ ನಿಲ್ಲುವುದು. ಹಂದರದೊಳಗೆ ಒಂದು ಆಮಂತ್ರಣವೂ ಅಡಗಿದೆ. ೧೯೬೫ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ಎಂಬ ವೈದ್ಯವಿಜ್ಞಾನಿಯು ಮೂಳೆಯ ಸುಣ್ಣವನ್ನೆಲ್ಲ ಕರಗಿಸಿ ತೆಗೆದು, ಉಳಿದುದನ್ನು ಪ್ರಾಣಿಗಳ ಮಾಂಸಖಂಡದಲ್ಲಿ ಇರಿಸಿದಾಗ, ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಸತ್ತ ಮೂಳೆಯಲ್ಲಿಯೂ ಕಣಗಳನ್ನು ಕರೆದು ಕೆಲಸಕ್ಕೆ ಹಚ್ಚುವ ದ್ರವ್ಯವಿದೆಯೆಂದು ಅದರಿಂದ ತಿಳಿಯಿತು.

ಕಸಿಯ ಚರಿತ್ರೆ ಇದಕ್ಕಿಂತ ಹಳೆಯದು. ೧೮೮೦ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯೂವನ್ ಎಂಬ ಶಸ್ತ್ರವೈದ್ಯನು, ರೋಗದಿಂದ ತೋಳಿನ ಮೂಳೆಯನ್ನೇ ಕಳೆದುಕೊಂಡಿದ್ದ ಬಾಲಕನೊಬ್ಬನಿಗೆ ಬೇರೆ ಮಕ್ಕಳ ಮೂಳೆಯ ಚೂರುಗಳನ್ನು ಇಟ್ಟು ಹೊಸ ತೋಳನ್ನು ಕಟ್ಟಿದನು. ಆ ಚೂರುಗಳು ಎಲ್ಲಿಂದ ಬಂದವು ಗೊತ್ತೆ? ಸೊಟ್ಟಗಾಲನ್ನು ನೇರ ಮಾಡುವಾಗ ಕತ್ತರಿಸಿ ತೆಗೆದ ತುಣುಕುಗಳು ಅವು! ದೋಣಿಮೂಳೆಯ ವಿಷಯದಲ್ಲಿ ದಾರಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಹರ್ಮನ್ ಮಾಟಿ ಮತ್ತು ವಿಯೆನ್ನಾ ನಗರದ ಓಟ್ಟೋ ರುಸ್ಸೆ. ಮಾಟಿಯು ೧೯೩೭ರಲ್ಲಿ ಮಣಿಕಟ್ಟನ್ನು ಬೆನ್ನಿನ ಕಡೆಯಿಂದ ಬಿಡಿಸಿ, ಎರಡು ತುಂಡುಗಳ ಒಳಗನ್ನೂ ಕೊರೆದು, ಆ ಪೊಳ್ಳಿನಲ್ಲಿ ಜಾಳುಮೂಳೆಯನ್ನು ತುಂಬಿದನು. ರುಸ್ಸೆಯು ೧೯೬೦ರಲ್ಲಿ ಪ್ರಕಟಿಸಿದ ಕ್ರಮವೂ ಬಹುಮಟ್ಟಿಗೆ ಇದೇ. ಆದರೆ ಅವನು ಬಿಡಿಸಿದ್ದು ಅಂಗೈಯ ಕಡೆಯಿಂದ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ರಕ್ತವು ಬೆನ್ನಿನ ಕಡೆಯಿಂದ ಹೊಗುವುದನ್ನು ನೆನೆದರೆ ಅದರ ಬೆಲೆ ತಿಳಿಯುವುದು: ಹಂದರ ಹಾಕುವುದಕ್ಕೆ ಹೋಗಿ ಬಳ್ಳಿಯ ಬೇರನ್ನೇ ಕಡಿಯುವ ಅಪಾಯ ಅಲ್ಲಿ ತಪ್ಪಿತು. ಬಾಗಿಹೋದ ಮೂಳೆಯನ್ನು ನೆಟ್ಟಗೆ ಮಾಡಲು ಬೆಣೆಯಾಕಾರದ ಚೂರನ್ನು ಅಂಗೈಯ ಕಡೆಯಿಂದ ಇಡುವ ಕ್ರಮವನ್ನು ಫರ್ನಾಂಡೆಸ್ ಎಂಬವರು ೧೯೮೪ರಲ್ಲಿ ವಿವರಿಸಿದರು.

ಅದೇ ವರ್ಷ ಆಸ್ಟ್ರೇಲಿಯದ ಟಿಮೊತಿ ಹರ್ಬರ್ಟ್ ತನ್ನ ತಲೆಯಿಲ್ಲದ ತಿರುಪುಮೊಳೆಯನ್ನು ಪ್ರಕಟಪಡಿಸಿದನು. ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮೊಳೆಯ ಎರಡು ತುದಿಗಳಲ್ಲಿಯೂ ಸುರುಳಿಯಿದೆ. ಮುಂದಿನ ಸುರುಳಿಯ ಅಂತರ ಹಿಂದಿನದಕ್ಕಿಂತ ಹೆಚ್ಚು. ಒಂದು ಸುತ್ತು ತಿರುಗಿಸಿದರೆ ಮುಂದಿನ ತುದಿಯು ಮೂಳೆಯಲ್ಲಿ ಹೆಚ್ಚು ದೂರ ಸಾಗುವುದು, ಹಿಂದಿನದು ಕಡಿಮೆ. ಆದುದರಿಂದ ತುಂಡುಗಳೆರಡೂ ಒಂದರ ಮೇಲೊಂದು ಒತ್ತಿ ನಿಲ್ಲುತ್ತವೆ. ತಲೆಯಿಲ್ಲದ ಕಾರಣ ಮೊಳೆಯು ಮೂಳೆಯೊಳಗೆ ಪೂರ್ತಿಯಾಗಿ ಹುದುಗಿಹೋಗಿ ಕೀಲಿಗೆ ತಗುಲದು. ಇಷ್ಟು ಸರಳವಾದ ಉಪಾಯ ಅಷ್ಟು ವರ್ಷ ಯಾರಿಗೂ ಹೊಳೆಯದಿದ್ದುದು ವಿಚಿತ್ರವೇ ಸರಿ.

೧೯೯೧ರಲ್ಲಿ ಅರ್ಜೆಂಟೈನದ ಜೈಡೆಂಬರ್ಗ್ ಮತ್ತು ಸಂಗಡಿಗರು ಮತ್ತೊಂದು ಹೆಜ್ಜೆ ಮುಂದಿಟ್ಟರು. ಮುಂಗೈಯ ಮೂಳೆಯಿಂದ ಚೂರನ್ನು ತೆಗೆಯುವಾಗ ಅದನ್ನು ಪೋಷಿಸುವ ಸಣ್ಣ ರಕ್ತನಾಳವನ್ನು ಕಡಿಯದೆ, ಅದರ ಸಮೇತ ತಿರುಗಿಸಿ ದೋಣಿಮೂಳೆಯಲ್ಲಿ ಕೂರಿಸಿದರು. ಇದು ಮಾವಿನ ಕಸಿಯನ್ನು ಹೋಲುತ್ತದೆಂದು ಹೇಳಬಹುದು, ಏಕೆಂದರೆ ಇಲ್ಲಿ ಇಟ್ಟ ಚೂರು ಜೀವಂತ. ಈಚೆಗೆ ಮೊಳಕಾಲಿನ ಬಳಿಯ ತೊಡೆಮೂಳೆಯ ಚೂರನ್ನು ರಕ್ತನಾಳದೊಡನೆ ತಂದು, ಸೂಕ್ಷ್ಮದರ್ಶಕದ ನೆರವಿನಿಂದ ಮಣಿಕಟ್ಟಿನ ನಾಳಕ್ಕೆ ಹೊಲಿಯುವವರೂ ಇದ್ದಾರೆ. ಕೌಶಲವನ್ನು ಮೆಚ್ಚದವರಾರು? ಆದರೆ ಮೆಚ್ಚುಗೆ ಬೇರೆ, ತೀರ್ಮಾನ ಬೇರೆ. ೨೦೦೨ರಲ್ಲಿ ಹಲವು ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೇಲ್ತುಂಡು ರಕ್ತವಿಲ್ಲದೆ ಸತ್ತಿರುವ ಸಂದರ್ಭದಲ್ಲಿ ಜೀವಂತ ಕಸಿಯಿಂದ ನೂರಕ್ಕೆ ೮೮ ಮೂಳೆಗಳೂ, ಸಾಮಾನ್ಯ ಕಸಿ ಮತ್ತು ತಿರುಪುಮೊಳೆಯಿಂದ ೪೭ ಮಾತ್ರವೂ ಕೂಡಿದ್ದುದು ಕಂಡುಬಂದಿತು. ಇದನ್ನು ಓದಿದವರು ಹಳೆಯ ಕಸಿಯ ಕಾಲ ಮುಗಿಯಿತೆಂದರು. ೨೦೧೬ರಲ್ಲಿ ಇನ್ನೂ ಹೆಚ್ಚಿನ ವರದಿಗಳನ್ನು ಸೇರಿಸಿ ಲೆಕ್ಕಹಾಕಿದಾಗ, ಎಲ್ಲ ಬಗೆಯ ರೋಗಿಗಳನ್ನೂ ಒಟ್ಟಾಗಿ ನೋಡಿದರೆ ಎರಡಕ್ಕೂ ಇರುವ ಅಂತರ ನೂರಕ್ಕೆ ನಾಲ್ಕರ ಆಸುಪಾಸಿಗೆ ಇಳಿಯಿತು. ಮೇಲ್ತುಂಡು ಪೂರ್ತಿ ಒಣಗಿಹೋದವರಿಗೂ ಒಮ್ಮೆ ಮಾಡಿದ ಕಸಿ ವಿಫಲವಾದವರಿಗೂ ಜೀವಂತ ಕಸಿಯನ್ನು ಮೀಸಲಿಡಬೇಕು. ಉಳಿದವರಿಗೆ ರುಸ್ಸೆಯ ದಾರಿಯಲ್ಲಿ ಬೆಳೆದುಬಂದ ಸಾಮಾನ್ಯ ಕಸಿಯೂ ಒಂದು ತಿರುಪುಮೊಳೆಯೂ ಸಾಕು; ಜಿಲ್ಲಾಕೇಂದ್ರದ ನುರಿತ ಶಸ್ತ್ರವೈದ್ಯನು ಮಾಡಬಲ್ಲ ಕೆಲಸ ಅದು.

ಕಸಿ ಯಾವುದೇ ಆಗಲಿ, ಅದನ್ನು ನಡೆಸುವುದು ರಕ್ತ. ಧೂಮಪಾನವು ಸೂಕ್ಷ್ಮ ನಾಳಗಳನ್ನು ಬಿಗಿಯಿಸುವುದರಿಂದ ಕಸಿ ವಿಫಲವಾಗುವ ಸಂಭವ ಹೆಚ್ಚೆಂದು ಹಲವು ಕಡೆಯ ಅನುಭವ ತೋರಿಸಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿ ಸಿಗರೇಟನ್ನು ಬಿಡದ ರೋಗಿಯು ತನ್ನ ಸೊಂಟದ ಮೂಳೆಯನ್ನು ಸುಮ್ಮನೆ ಕೆರೆಯಿಸಿಕೊಂಡಂತಾಯಿತು. ಕಾಲವಿಳಂಬವೂ ಹಾಗೆಯೇ, ಮುರಿದು ವರ್ಷಗಳು ಕಳೆದಂತೆಲ್ಲ ಕಸಿ ಫಲಿಸುವ ಸಾಧ್ಯತೆ ಇಳಿಯುತ್ತ ಹೋಗುವುದು. ಕಸಿಯ ಬೆಲೆಯನ್ನೂ ಮರೆಮಾಚಬಾರದು. ಸೊಂಟದಲ್ಲಿ ಇನ್ನೊಂದು ಗಾಯ, ಅಲ್ಲಿ ಕೆಲವು ವಾರಗಳ, ಒಮ್ಮೊಮ್ಮೆ ತಿಂಗಳುಗಳ ನೋವು; ಕೈಗೆ ಮತ್ತೆ ಪ್ಲಾಸ್ಟರು; ಮೂಳೆ ಕೂಡಿದ ಮೇಲೂ ಮಣಿಕಟ್ಟು ಮೊದಲಿನಷ್ಟು ಬಾಗದೆ ಇರಬಹುದು. ಮೊದಲ ವಾರದ ಪ್ಲಾಸ್ಟರಿಗೆ ಇವೊಂದೂ ಇರಲಿಲ್ಲ.

ಹಾಗಾದರೆ ಮುರಿದ ಕೂಡಲೇ ಎಲ್ಲರಿಗೂ ತಿರುಪುಮೊಳೆ ಹಾಕಿಬಿಟ್ಟರಾಯಿತಲ್ಲ ಎಂದು ಕೇಳುವವರುಂಟು. ಇದನ್ನು ಇಂಗ್ಲೆಂಡ್ ಮತ್ತು ವೇಲ್ಸಿನ ೩೧ ಆಸ್ಪತ್ರೆಗಳಲ್ಲಿ ೪೩೯ ರೋಗಿಗಳ ಮೇಲೆ ಪರೀಕ್ಷಿಸಿ ೨೦೨೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೊಂಟದಲ್ಲಿ ಮುರಿದು ತುಂಡುಗಳು ಹೆಚ್ಚು ಸರಿಯದಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ ಶಸ್ತ್ರಚಿಕಿತ್ಸೆ, ಉಳಿದವರಿಗೆ ಪ್ಲಾಸ್ಟರು. ಒಂದು ವರ್ಷದ ಬಳಿಕ ನೋವಿನಲ್ಲಿಯೂ ಕೈಯ ಉಪಯೋಗದಲ್ಲಿಯೂ ಗಣನೀಯ ಭೇದ ಕಾಣಲಿಲ್ಲ. ಮೊದಲು ಪ್ಲಾಸ್ಟರು ಹಾಕಿ, ಕೂಡದಿರುವ ಕೆಲವರನ್ನು ತಡಮಾಡದೆ ಗುರುತಿಸಿ ಅವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದು ಆ ಸಂಶೋಧಕರ ಸಲಹೆ. ಸಲಹೆಯ ಎರಡನೆಯ ಅರ್ಧವನ್ನು ಗಮನಿಸಿರಿ. ಪ್ಲಾಸ್ಟರು ಬಿಚ್ಚಿದ ಮೇಲೆ ಮೂಳೆ ಕೂಡಿದೆಯೇ ಎಂದು ನೋಡುವವರಿದ್ದರೆ ಮಾತ್ರ ಈ ಮಿತವ್ಯಯದ ಮಾರ್ಗ ಕ್ಷೇಮಕರ. ನೋಡುವವರಿಲ್ಲದ ಕಡೆ ಅದೇ ಮಾರ್ಗವು ಕೂಡದ ಮೂಳೆಗಳನ್ನು ಮನೆಗೆ ಕಳುಹಿಸುವ ಏರ್ಪಾಡಾಗುವುದು.

ಆದುದರಿಂದ ನಾನು ಕೇಳುವುದು ಹೊಸ ಯಂತ್ರವನ್ನಲ್ಲ. ಬಿದ್ದು ಬಂದ ತರುಣನ ನಶ್ಯದ ಗುಳಿಯಲ್ಲಿ ನೋವಿದ್ದರೆ, ಮೊದಲ ಚಿತ್ರ ಚೊಕ್ಕಟವಾಗಿದ್ದರೂ, ಅವನಿಗೆ ಕೊಡುವ ಚೀಟಿಯಲ್ಲಿ ಎರಡು ವಾರಗಳ ಮುಂದಿನ ಒಂದು ದಿನಾಂಕವನ್ನು ಬರೆಯಬೇಕು. ಪ್ಲಾಸ್ಟರು ಬಿಚ್ಚುವ ದಿನ ಇನ್ನೊಂದು ದಿನಾಂಕವನ್ನು ಬರೆಯಬೇಕು. ಮೂಳೆಯ ಹೆಸರನ್ನು ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆಯಬೇಕು. ಆ ದಿನ ಅವನು ಬಾರದೆ ಹೋದರೆ ಕೇಳಿ ಕರೆಯಿಸುವ ಜವಾಬ್ದಾರಿ ಇಂಥವರದೆಂದು ಆಸ್ಪತ್ರೆಯಲ್ಲಿ ಗೊತ್ತಾಗಿರಬೇಕು. ಇನ್ನು ಆಟದ ಬಯಲಿನಲ್ಲಿ ಬಿದ್ದ ಗೆಳೆಯನ ಕೈಯನ್ನು ಹಿಡಿದೆಳೆದು ಉಳುಕು ತೆಗೆಯಲು ಹೊರಡುವವರಿಗೆ, ಹೆಬ್ಬೆರಳ ಬುಡದ ಆ ಗುಳಿಯನ್ನು ಮೊದಲು ಮೆಲ್ಲಗೆ ಒತ್ತಿ ನೋಡುವುದು ಕಷ್ಟವಾಗಲಾರದು.